ದೀಪವಾರಿದ ಮೇಲೆ ಅರಳುವ ಹೂವು

ಶರತ್ಕಾಲದ ರಾತ್ರಿ. ಹಳ್ಳಿಗಳಲ್ಲಿ ಊಟ ಮುಗಿದು, ಮನೆಗಳ ದೀಪಗಳು ಒಂದೊಂದಾಗಿ ನಂದುತ್ತಿರುವ ಹೊತ್ತು. ಅದೇ ಸಮಯಕ್ಕೆ, ಮನೆಗಳ ಹಿಂದೆ ಅಲ್ಲಿಯವರೆಗೂ ಕಪ್ಪಗೆ ಮಲಗಿದ್ದ ಹೊಲಗಳಲ್ಲಿ ಬೆಳಕು ಹತ್ತಿಕೊಳ್ಳುತ್ತದೆ. ಮೊದಲು ಒಂದು ಸಾಲು, ಆ ಮೇಲೆ ಅದರ ಪಕ್ಕದ್ದು, ಅನಂತರ ರಸ್ತೆಯಾಚೆಯದು. ನೋಡನೋಡುತ್ತಿದ್ದಂತೆಯೇ ಗಾಜಿನ ಮನೆಗಳ ಸಾಲುಗಳು ಒಳಗಿನಿಂದ ಬೆಳಗಿ, ಕತ್ತಲೆಯ ನೆಲದ ಮೇಲೆ ಯಾರೋ ಲಾಂದ್ರಗಳನ್ನು ಜೋಡಿಸಿಟ್ಟಂತೆ ತೋರುತ್ತವೆ. ಹಬ್ಬವೇ ಎಂದರೆ ಹಬ್ಬವಲ್ಲ. ಕಾರ್ಖಾನೆಯೇ ಎಂದರೆ ಒಳಗೆ ಒಬ್ಬ ಆಳೂ ಇಲ್ಲ. ಅಲ್ಲಿ ಎಚ್ಚರವಾಗಿರುವುದು ಸೇವಂತಿಗೆಯ ಗಿಡಗಳು ಮಾತ್ರ.

ಇದು ಜಪಾನಿನ ಐಚಿ ಪ್ರಾಂತಕ್ಕೆ ಸೇರಿದ ಅತ್ಸುಮಿ ಪರ್ಯಾಯದ್ವೀಪದ ದೃಶ್ಯ. ಟೋಕಿಯೋದಿಂದ ಪಶ್ಚಿಮಕ್ಕೆ ಹೊರಟ ಶಿನ್‌ಕಾನ್‌ಸೆನ್ ರೈಲಿನಿಂದ ತೊಯೋಹಾಶಿಯಲ್ಲಿ ಇಳಿದರೆ, ಅಲ್ಲಿಂದ ಸಣ್ಣದೊಂದು ರೈಲು ೧೮ ಕಿಲೋಮೀಟರು ದೂರದ ತಹಾರಾ ಪಟ್ಟಣಕ್ಕೆ ಪ್ರಯಾಣಿಕರನ್ನು ಒಯ್ಯುತ್ತದೆ. ತಹಾರಾದ ನೆತ್ತಿಯ ಮೇಲೆ ೨೫೦ ಮೀಟರು ಎತ್ತರದ ಜಾವೋ ಗುಡ್ಡವಿದೆ. ಅದರ ಮೇಲೆ ನಿಂತರೆ ಇಡೀ ಸೀಮೆ ಕೈಯಂಗಳದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಉತ್ತರಕ್ಕೆ ಮಿಕಾವಾ ಕೊಲ್ಲಿಯ ಶಾಂತ ಜಲ, ಅದರ ದಡದಲ್ಲಿ ೧೯೭೯ರಿಂದ ನಡೆಯುತ್ತಿರುವ ದೊಡ್ಡ ಮೋಟಾರು ಕಾರ್ಖಾನೆ. ದಕ್ಷಿಣಕ್ಕೆ ಶಾಂತಸಾಗರದ ಮೊರೆತ. ಇವೆರಡರ ನಡುವೆ ಪಶ್ಚಿಮಕ್ಕೆ ತೋಳು ಚಾಚಿದಂತೆ ಸುಮಾರು ೫೦ ಕಿಲೋಮೀಟರು ಉದ್ದದ ನೆಲ. ಹಗಲಿನಲ್ಲಿ ಅಲ್ಲಿ ಕಾಣುವುದು ಕೋಸಿನ ಹೊಲಗಳು, ಗಾಳಿಗೆ ತಿರುಗುವ ವಿದ್ಯುತ್ ಚಕ್ರಗಳು ಮತ್ತು ಬಿಸಿಲಿಗೆ ಮಿರುಗುವ ಗಾಜಿನ ಮಾಡುಗಳು. ಇರುಳಾದ ಮೇಲೆ ಅದೇ ಗಾಜಿನ ಮನೆಗಳನ್ನು ನೋಡಲೆಂದು ಜನ ಗುಡ್ಡ ಹತ್ತಿ ಬರುತ್ತಾರೆ.

ಬಂದವರೆಲ್ಲ ಸಾಮಾನ್ಯವಾಗಿ ಹೇಳುವ ಮಾತೊಂದೇ: "ಬೆಳಕು ಕೊಟ್ಟು ಹೂವನ್ನು ಅರಳಿಸುತ್ತಾರಂತೆ!" ಆದರೆ ಆ ಮಾತು ಸರಿಯಲ್ಲ. ಅಲ್ಲಿ ದೀಪ ಉರಿಯುವುದು ಹೂವು ಅರಳದಿರಲೆಂದು. ಅರಳುವುದೆಲ್ಲ ದೀಪವಾರಿದ ಮೇಲಿನ ಕಥೆ.

ನೀರಿಲ್ಲದ ಸೀಮೆ

ಈ ಸೀಮೆ ಹಿಂದಿನಿಂದಲೂ ಸಂಪನ್ನವಾದದ್ದೇನೂ ಅಲ್ಲ. ಮೂರು ಕಡೆ ನೀರಿದ್ದರೂ ಅದು ಉಪ್ಪುನೀರು. ಹೇಳಿಕೊಳ್ಳುವಂಥ ನದಿಯೊಂದೂ ಇಲ್ಲಿ ಹರಿಯುವುದಿಲ್ಲ. ಬಿದ್ದ ಮಳೆ ಬೇಗನೆ ಸಮುದ್ರ ಸೇರಿಬಿಡುತ್ತಿತ್ತು. ಬಾರ್ಲಿ, ಗೆಣಸು, ರೇಷ್ಮೆಹುಳು - ಇಷ್ಟನ್ನೇ ನಂಬಿ ಜನ ಬದುಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ತಹಾರಾದ ಸಣ್ಣ ಸಂಸ್ಥಾನದಲ್ಲಿ ವತಾನಬೆ ಕಾಜಾನ್ ಎಂಬ ಪ್ರಸಿದ್ಧ ಚಿತ್ರಕಾರ ಹಿರಿಯ ಅಧಿಕಾರಿಯಾಗಿದ್ದ. ಬರಗಾಲದ ಕಾಲಕ್ಕೆಂದು ಧಾನ್ಯದ ಕಣಜವೊಂದನ್ನು ಕಟ್ಟಿಸಿ, ೧೮೩೦ರ ದಶಕದ ಘೋರ ಕ್ಷಾಮದಲ್ಲಿ ತನ್ನ ಪ್ರಜೆಗಳನ್ನು ಹಸಿವಿನಿಂದ ಕಾಪಾಡಿದನೆಂದು ಅವನನ್ನು ಇಂದಿಗೂ ಇಲ್ಲಿಯವರು ನೆನೆಯುತ್ತಾರೆ. ಸರಕಾರದ ಅವಕೃಪೆಗೆ ಗುರಿಯಾಗಿ, ಗೃಹಬಂಧನದಲ್ಲಿದ್ದ ಅವನು ೧೮೪೧ರಲ್ಲಿ ತಾನೇ ಪ್ರಾಣ ತೊರೆದ. ಕಣಜ ಕಟ್ಟಿದವನ ಹೆಸರು ಇಷ್ಟು ಕಾಲ ಉಳಿದಿದೆಯೆಂದ ಮೇಲೆ, ಇಲ್ಲಿ ಹಸಿವಿನ ಭಯ ಎಷ್ಟಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ನೀರಿನ ಭಾಗ್ಯ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಉತ್ತರದ ಬೆಟ್ಟಗಳಲ್ಲಿ ತೊಯೋ ನದಿಯ ನೀರನ್ನು ತಡೆದು ಕಾಲುವೆಯಲ್ಲಿ ತರುವ ಕೆಲಸ ೧೯೪೯ರಲ್ಲಿ ಆರಂಭವಾಯಿತು. ಉರೆ ಅಣೆಕಟ್ಟು ೧೯೫೮ರಲ್ಲಿ ಮುಗಿಯಿತು. ೧೯೬೮ರಲ್ಲಿ ಇಡೀ ಕಾಲುವೆ ಪೂರ್ಣವಾಗಿ, ಪರ್ಯಾಯದ್ವೀಪದ ತುದಿಯವರೆಗೂ ಸಿಹಿನೀರು ಹರಿಯಿತು.

ಬಿಸಿಲಿಗೆ ಮಾತ್ರ ಇಲ್ಲಿ ಎಂದೂ ಬರವಿರಲಿಲ್ಲ. ದಕ್ಷಿಣದಿಂದ ಹರಿದು ಬರುವ ಬೆಚ್ಚನೆಯ ಸಾಗರಪ್ರವಾಹದ ದೆಸೆಯಿಂದ ಇಲ್ಲಿನ ಚಳಿಗಾಲ ಸೌಮ್ಯವಾದದ್ದು. ಆ ಪ್ರವಾಹಕ್ಕೆ ಸಾಕ್ಷಿಯಾಗಿ ಒಂದು ಸಣ್ಣ ಕಥೆಯೂ ಉಂಟು. ೧೮೯೮ರ ಬೇಸಗೆಯಲ್ಲಿ, ಮುಂದೆ ಜಾನಪದ ವಿದ್ವಾಂಸನೆಂದು ಹೆಸರಾದ ಯಾನಗಿತಾ ಕುನಿಯೋ, ಈ ನೆಲದ ತುದಿಯಾದ ಇರಾಗೋ ಭೂಶಿರದಲ್ಲಿ ತಂಗಿದ್ದಾಗ ಅಲೆ ತಂದೆಸೆದ ತೆಂಗಿನಕಾಯಿಯೊಂದನ್ನು ಕಂಡ. ಅದನ್ನು ಅವನ ಬಾಯಿಂದ ಕೇಳಿದ ಕವಿ ಶಿಮಾಜಾಕಿ ತೋಸೋನ್ ಕವಿತೆಯಾಗಿಸಿದ. ಮುಂದೆ ಅದು ಜಪಾನಿನ ಮನೆಮನೆಯ ಹಾಡಾಯಿತು. ತೆಂಗು ಬೆಳೆಯದ ನಾಡಿಗೆ ತೆಂಗಿನಕಾಯಿಯನ್ನು ತಂದ ಆ ಪ್ರವಾಹವೇ ಚಳಿಗಾಲದಲ್ಲಿ ಈ ಸೀಮೆಯನ್ನು ಅಷ್ಟಿಷ್ಟು ಬೆಚ್ಚಗಿಟ್ಟಿದೆ.

ಬಿಸಿಲಿನೊಡನೆ ನೀರೂ ಕೂಡಿದ ಮೇಲೆ ಗಾಜಿನ ಮನೆಗಳು ಎದ್ದವು. ಇಂದು ಜಪಾನಿನ ಸೇವಂತಿಗೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ಐಚಿ ಪ್ರಾಂತದಿಂದಲೇ ಬರುತ್ತದೆ. ಅದರಲ್ಲಿ ಸಿಂಹಪಾಲು ಈ ತಹಾರಾ ಸೀಮೆಯದು.

ಅರಸರ ಹೂವು, ಪಿತೃಗಳ ಹೂವು

ಸೇವಂತಿಗೆಗೆ ಜಪಾನಿನಲ್ಲಿರುವ ಗೌರವ ಬೇರೆ ಯಾವ ಹೂವಿಗೂ ಸುಲಭವಾಗಿ ಸಿಕ್ಕದು. ಹದಿನಾರು ದಳದ ಸೇವಂತಿಗೆ ಅರಸುಮನೆತನದ ಲಾಂಛನ. ಐವತ್ತು ಯೆನ್ ನಾಣ್ಯದ ಮೇಲೂ ಅದರ ಚಿತ್ರವಿದೆ. ಆದರೆ ಅತ್ಸುಮಿಯ ರೈತ ಬೆಳೆಯುವ ಬಿಳಿಯ ಒಂಟಿ ಹೂವು ಅರಮನೆಗಿಂತ ಹೆಚ್ಚಾಗಿ ಹೋಗುವುದು ಮನೆಯ ಬುದ್ಧಪೀಠಕ್ಕೆ, ಹಿರಿಯರ ಸಮಾಧಿಗೆ, ಶವಸಂಸ್ಕಾರದ ಮಂಟಪಕ್ಕೆ. ಅಂತ್ಯಕ್ರಿಯೆಯ ವೇದಿಕೆಯ ಮೇಲೆ ನೂರಾರು ಬಿಳಿ ಸೇವಂತಿಗೆಗಳನ್ನು ಅಲೆಯ ಆಕಾರದಲ್ಲಿ ಜೋಡಿಸುವ ಕಲೆಯೇ ಅಲ್ಲಿ ಬೆಳೆದಿದೆ.

ಕನ್ನಡ ನಾಡಿನಲ್ಲಿ ಸೇವಂತಿಗೆಯೆಂದರೆ ಮುಡಿಗೆ, ಮಂಗಳಕ್ಕೆ, ದೇವರ ಪಟಕ್ಕೆ. ಅಲ್ಲಿ ಬಿಳಿಯ ಸೇವಂತಿಗೆಯನ್ನು ರೋಗಿಯ ಹಾಸಿಗೆಯ ಬಳಿ ಒಯ್ದರೆ ಅಪಚಾರ. ಎರಡು ನಾಡುಗಳ ನಡುವಣ ಈ ವ್ಯತ್ಯಾಸ ವಿಚಿತ್ರವಾದರೂ, ಹೂವಿಗೆ ಒಂದು ನಿಗದಿಯಾದ ದಿನವಿರುವುದು ಮಾತ್ರ ಎರಡೂ ಕಡೆ ಒಂದೇ. ವರಮಹಾಲಕ್ಷ್ಮಿ ಹಬ್ಬದ ಮರುದಿನ ಬಂದ ಹೂವಿಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಯಾವ ಬೆಲೆ ಸಿಕ್ಕುತ್ತದೆಂಬುದು ಎಲ್ಲರಿಗೂ ಗೊತ್ತು. ಜಪಾನಿನಲ್ಲಿ ಅಂಥ ದಿನಗಳು ಮುಖ್ಯವಾಗಿ ನಾಲ್ಕು: ಹಗಲಿರುಳು ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ 'ಹಿಗಾನ್', ಆಗಸ್ಟಿನ 'ಓಬೋನ್', ಮತ್ತು ಹೊಸ ವರ್ಷ. ಹಿಗಾನ್ ಮತ್ತು ಓಬೋನ್ ನಮ್ಮ ಪಿತೃಪಕ್ಷವನ್ನು ನೆನಪಿಗೆ ತರುವ ಆಚರಣೆಗಳು. ಆ ದಿನಗಳಲ್ಲಿ ದೇಶದ ಮನೆಮನೆಯೂ ಹಿರಿಯರಿಗೆ ಹೂವಿಡುತ್ತದೆ.

ಸೇವಂತಿಗೆಗೆ ಈ ಪಂಚಾಂಗ ತಿಳಿಯದು. ಅದನ್ನು ಅದರ ಪಾಡಿಗೆ ಬಿಟ್ಟರೆ, ಶರತ್ಕಾಲದ ಜಾತಿಗಳು ಅಕ್ಟೋಬರ್ ಕೊನೆಯಿಂದ ನವೆಂಬರಿನೊಳಗೆ ಒಟ್ಟಿಗೇ ಅರಳಿ ಮುಗಿದುಬಿಡುತ್ತವೆ. ಹೊಸ ವರ್ಷಕ್ಕೂ ಇಲ್ಲ, ಮಾರ್ಚಿನ ಹಿಗಾನಿಗೂ ಇಲ್ಲ. ಹೂವಿನ ಪಂಚಾಂಗವನ್ನು ಮನುಷ್ಯನ ಪಂಚಾಂಗಕ್ಕೆ ಹೊಂದಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಜಪಾನಿನಲ್ಲಲ್ಲ. ಸಾಗರದಾಚೆಯ ಅಮೆರಿಕದ ಒಂದು ಹೊಗೆಸೊಪ್ಪಿನ ಮಡಿಯಲ್ಲಿ.

ಹೂ ಬಿಡಲೊಲ್ಲದ ಹೊಗೆಸೊಪ್ಪು

ವಾಷಿಂಗ್ಟನ್ ನಗರದೆದುರು, ಪೊಟೋಮ್ಯಾಕ್ ನದಿಯ ಆಚೆ ದಡದಲ್ಲಿ ಅಮೆರಿಕ ಸರಕಾರದ ಕೃಷಿ ಕ್ಷೇತ್ರವೊಂದಿತ್ತು. ಅಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು 'ಮೇರಿಲ್ಯಾಂಡ್ ಮ್ಯಾಮತ್' ಎಂಬ ಹೊಗೆಸೊಪ್ಪಿನ ತಳಿಯೊಂದಿಗೆ ಹೆಣಗುತ್ತಿದ್ದರು. ಬೇಸಗೆಯಲ್ಲಿ ಅದು ಆಳೆತ್ತರವನ್ನೂ ಮೀರಿ ಬೆಳೆಯುತ್ತಿತ್ತು. ನೂರರಷ್ಟು ಎಲೆ ಬಿಡುತ್ತಿತ್ತು. ಆದರೆ ಹೂ ಮಾತ್ರ ಇಲ್ಲ. ಹೂವಿಲ್ಲದೆ ಬೀಜವಿಲ್ಲ, ಬೀಜವಿಲ್ಲದೆ ತಳಿ ಉಳಿಯದು. ಅದೇ ಗಿಡವನ್ನು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದರೆ ಗಿಡ್ಡಗಿರುವಾಗಲೇ ಹೂ ಬಿಡುತ್ತಿತ್ತು. ಶಾಖ, ತೇವ, ಗೊಬ್ಬರ - ಒಂದೊಂದನ್ನೂ ಪರೀಕ್ಷಿಸಿ ನೋಡಿದರು. ಯಾವುದೂ ಕಾರಣವಲ್ಲವೆಂದು ತಿಳಿಯಿತು. ಕೊನೆಗೆ ಉಳಿದದ್ದು ಹಗಲಿನ ಉದ್ದ ಒಂದೇ.

೧೯೧೮ರ ಬೇಸಗೆಯಲ್ಲಿ ಅವರು ಕಿಟಕಿಯಿಲ್ಲದ ಒಂದು ಸಣ್ಣ ಕತ್ತಲೆ ಕೋಣೆಯನ್ನು ಕಟ್ಟಿಸಿ, ಇನ್ನೂ ಬಿಸಿಲಿರುವಾಗಲೇ ಗಿಡಗಳನ್ನು ಅದರೊಳಗಿಟ್ಟು, ಮರುದಿನ ಹೊತ್ತೇರಿದ ಮೇಲೆ ಹೊರಗೆ ತೆಗೆಯತೊಡಗಿದರು. ನಡುಬೇಸಗೆಯಲ್ಲೇ ಹೊಗೆಸೊಪ್ಪು ಹೂ ಬಿಟ್ಟಿತು. ೧೯೨೦ರಲ್ಲಿ ಇದನ್ನು ಅವರು ಪ್ರಕಟಿಸಿದಾಗ ಸಸ್ಯಶಾಸ್ತ್ರದಲ್ಲಿ ಹೊಸ ಅಧ್ಯಾಯವೇ ತೆರೆಯಿತೆನ್ನಬೇಕು. ಗಿಡಗಳು ಕಾಲವನ್ನು ತಿಳಿಯುವುದು ಚಳಿ ಸೆಖೆಗಳಿಂದ ಮಾತ್ರವಲ್ಲ, ಹಗಲಿರುಳುಗಳ ಅಳತೆಯಿಂದ ಎಂಬುದು ಅಂದು ಸ್ಥಿರಪಟ್ಟಿತು. ಹಗಲು ಕುಗ್ಗಿದಾಗ ಹೂ ಬಿಡುವವು ಒಂದು ಬಗೆ. ಹಗಲು ಹಿಗ್ಗಿದಾಗ ಹೂ ಬಿಡುವವು ಇನ್ನೊಂದು ಬಗೆ. ಎರಡನ್ನೂ ಲೆಕ್ಕಿಸದವು ಮತ್ತೊಂದು. ಸೇವಂತಿಗೆ ಮೊದಲನೆಯ ಬಗೆಗೆ ಸೇರಿದ್ದು.

ಮುಂದಿನ ಸಂಗತಿ ಇನ್ನೂ ಸೋಜಿಗದ್ದು. ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು, ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಒಂದು ಕಳೆಗಿಡದ ಮೇಲೆ ಪರೀಕ್ಷೆ ನಡೆಸಿ, ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು ಎಂದು ತೋರಿಸಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಏನೂ ಆಗದು. ಆದರೆ ಉದ್ದವಾದ ಇರುಳಿನ ನಡುವೆ ಸ್ವಲ್ಪ ಬೆಳಕು ಬಿದ್ದರೆ ಸಾಕು, ಅದುವರೆಗಿನ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಜಪದ ಎಣಿಕೆ ನಡುವೆ ತಪ್ಪಿದರೆ ಮತ್ತೆ ಒಂದರಿಂದ ಆರಂಭಿಸುವಂತೆ, ಗಿಡವೂ ಕತ್ತಲೆಯನ್ನು ಮೊದಲಿನಿಂದ ಎಣಿಸತೊಡಗುತ್ತದೆ. ಹನ್ನೆರಡು ಗಂಟೆಯ ಇರುಳು ಅದರ ಪಾಲಿಗೆ ಎರಡು ಸಣ್ಣ ಇರುಳುಗಳಾಗಿಬಿಡುತ್ತದೆ.

ಈ ಎಣಿಕೆ ನಡೆಯುವುದು ಎಲ್ಲಿ? ಮೊಗ್ಗು ಮೂಡುವ ತುದಿಯಲ್ಲಲ್ಲ, ಎಲೆಗಳಲ್ಲಿ. ೧೯೩೭ರ ಹೊತ್ತಿಗೆ ಮಾಸ್ಕೋದಲ್ಲಿ ಚೈಲಾಖ್ಯಾನ್ ಎಂಬ ವಿಜ್ಞಾನಿ ಸೇವಂತಿಗೆಯನ್ನೇ ಬಳಸಿ, ಕೆಳಗಿನ ಎಲೆಗಳಿಗೆ ದೀರ್ಘವಾದ ಕತ್ತಲೆ ದೊರೆತರೆ ಸಾಕು, ತುದಿ ಬೆಳಕಿನಲ್ಲಿದ್ದರೂ ಹೂವಾಗುತ್ತದೆಂದು ಕಂಡುಕೊಂಡ. ಎಲೆಯಿಂದ ತುದಿಗೆ ಯಾವುದೋ ದೂತ ಹೋಗಬೇಕೆಂದು ತರ್ಕಿಸಿ, ಅದಕ್ಕೆ 'ಫ್ಲೋರಿಜೆನ್' ಎಂದು ಹೆಸರಿಟ್ಟ. ಬೆಳಕನ್ನು ಗುರುತಿಸುವ 'ಫೈಟೋಕ್ರೋಮ್' ಎಂಬ ವರ್ಣದ್ರವ್ಯವನ್ನು ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾಲಯದವರು ೧೯೫೯ರಲ್ಲಿ ಪತ್ತೆ ಹಚ್ಚಿದರು. ಚೈಲಾಖ್ಯಾನನ ದೂತ ಯಾರೆಂಬುದು ಖಚಿತವಾಗಲು ೨೦೦೭ರವರೆಗೆ ಕಾಯಬೇಕಾಯಿತು: ಅದು ಎಲೆಯಲ್ಲಿ ಹುಟ್ಟಿ ತುದಿಗೆ ಸಾಗುವ ಒಂದು ಪ್ರೋಟೀನು. ೨೦೧೩ರಲ್ಲಿ ಜಪಾನಿನ ವಿಜ್ಞಾನಿಗಳು ಕಾಡು ಸೇವಂತಿಗೆಯಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ಪ್ರೋಟೀನನ್ನು ಗುರುತಿಸಿದರು. ಇರುಳಿನಲ್ಲಿ ಬೆಳಕು ಬಿದ್ದರೆ ಎಲೆ ಈ ಎರಡನೆಯದನ್ನು ತಯಾರಿಸಿ, 'ಇನ್ನೂ ಹೂ ಬೇಡ' ಎಂದು ತುದಿಗೆ ತಡೆಯಾಜ್ಞೆ ಕಳಿಸುತ್ತದೆ.

ಅತ್ಸುಮಿಯ ಗಾಜಿನ ಮನೆಗಳಲ್ಲಿ ನಡುರಾತ್ರಿ ಉರಿಯುವ ದೀಪಗಳು ಈ ತಡೆಯಾಜ್ಞೆಯ ದೀಪಗಳೇ ಸರಿ.

ಎಣಿಸಿದ ರಾತ್ರಿಗಳು

ಗಾಜಿನ ಮನೆಯ ಬಾಗಿಲನ್ನು ತೆರೆದು ಒಳಹೊಕ್ಕರೆ ಮೊದಲು ಮೂಗಿಗೆ ಬಡಿಯುವುದು ಒದ್ದೆ ಮಣ್ಣು ಮತ್ತು ಸೇವಂತಿಗೆ ಎಲೆಯ ಕಹಿ ಕಂಪು. ಗಿಡಗಳು ಸೈನಿಕರಂತೆ ಸಾಲಾಗಿ ನಿಂತಿರುತ್ತವೆ. ಕಾಂಡ ಬಾಗದಂತೆ ಅಡ್ಡಲಾಗಿ ಬಲೆ ಕಟ್ಟಿ, ಗಿಡ ಬೆಳೆದಂತೆಲ್ಲ ಅದನ್ನು ಮೇಲಕ್ಕೆತ್ತುತ್ತಾರೆ. ಮೇಲೆ ಸುಮಾರು ಮೂರು ಮೀಟರಿಗೊಂದರಂತೆ ದೀಪಗಳು ತೂಗುತ್ತವೆ. ಬೆಳಕೇನೂ ಪ್ರಖರವಲ್ಲ. ಗಿಡಕ್ಕೆ ಆಹಾರ ತಯಾರಿಸಿಕೊಳ್ಳಲು ಅದು ಸಾಲದು. ಇರುಳು ತುಂಡಾಯಿತೆಂದು ನಂಬಿಸಲು ಮಾತ್ರ ಸಾಕು. ಗಡಿಯಾರಕ್ಕೆ ಜೋಡಿಸಿದ ಸ್ವಿಚ್ಚು ರಾತ್ರಿ ಹತ್ತರ ಸುಮಾರಿಗೆ ದೀಪ ಹತ್ತಿಸಿ, ನಾಲ್ಕೈದು ಗಂಟೆಗಳ ಮೇಲೆ ಆರಿಸುತ್ತದೆ.

ಹೀಗೆ ರಾತ್ರಿಯ ಮೇಲೆ ರಾತ್ರಿ ಕಳೆಯುತ್ತದೆ. ಹೊರಗೆ ಕಾಡಿನ ಸೇವಂತಿಗೆಗಳು ಅರಳಿ ಬಾಡುತ್ತವೆ. ಒಳಗಿನವು ಇನ್ನೂ ಬೇಸಗೆಯೆಂದೇ ನಂಬಿ ಎಲೆಯ ಮೇಲೆ ಎಲೆ ಬಿಡುತ್ತ ಎತ್ತರವಾಗುತ್ತವೆ. ತಕ್ಕ ಎತ್ತರ ಬಂದ ಮೇಲೆ ಒಂದು ರಾತ್ರಿ ರೈತ ದೀಪ ಹತ್ತಿಸುವುದನ್ನು ನಿಲ್ಲಿಸುತ್ತಾನೆ. ಅಂದಿನಿಂದ ಏಳೆಂಟು ವಾರಗಳಿಗೆ ಹೂವು ಕೊಯ್ಲಿಗೆ ಬರುತ್ತದೆ. ಹೊಸ ವರ್ಷದ ಹೂವಿಗೆ ನವೆಂಬರಿನ ಆರಂಭದಲ್ಲಿ ದೀಪ ನಿಲ್ಲಬೇಕು. ಮಾರ್ಚಿನ ಹಿಗಾನಿಗೆ ಜನವರಿಯ ಉತ್ತರಾರ್ಧದಲ್ಲಿ. ಹಿರಿಯರ ದಿನ ಯಾವುದೆಂದು ನೋಡಿ, ಅಲ್ಲಿಂದ ಹಿಂದಕ್ಕೆ ರಾತ್ರಿಗಳನ್ನು ಎಣಿಸುತ್ತ ಬರುವುದೇ ಇಲ್ಲಿನ ರೈತನ ಪಂಚಾಂಗ.

ಎಣಿಕೆ ಇಷ್ಟಕ್ಕೇ ಮುಗಿಯುವುದಿಲ್ಲ. ದೀಪ ಒಮ್ಮೆಗೇ ನಿಂತುಬಿಟ್ಟರೆ ಗಿಡ ಹೂವಿನ ಆತುರದಲ್ಲಿ ಎಲೆಯನ್ನು ಮರೆಯುತ್ತದೆ. ಹೂವಿನ ಕತ್ತಿನ ಕೆಳಗಿನ ಎಲೆಗಳು ಸಣ್ಣವಾಗಿ, ಹೂವೂ ತೆಳುವಾಗುತ್ತದೆ. ಆದುದರಿಂದ ಹತ್ತು ಹನ್ನೆರಡು ರಾತ್ರಿಗಳ ಕತ್ತಲೆಯ ನಂತರ, ಮೊಗ್ಗು ಒಳಗೊಳಗೇ ರೂಪುಗೊಳ್ಳುತ್ತಿರುವ ಹೊತ್ತಿಗೆ, ಮತ್ತೆ ಕೆಲವು ರಾತ್ರಿ ದೀಪ ಹಚ್ಚುತ್ತಾರೆ. ಗಿಡ ಒಂದು ಕ್ಷಣ ಅನುಮಾನಿಸಿ ನಿಂತಂತಾಗಿ ಎಲೆ ಹಿಗ್ಗುತ್ತದೆ, ದಳಗಳ ಸಂಖ್ಯೆ ಏರುತ್ತದೆ. ಈ ಎರಡನೆಯ ದೀಪವನ್ನು ಬೇಗ ಹಚ್ಚಿದರೂ ಕೆಡುಕು, ತಡವಾದರೂ ಕೆಡುಕು. ಒಂದು ಮೊಗ್ಗನ್ನು ಕಿತ್ತು, ಬಿಡಿಸಿ, ಭೂತಗಾಜಿನಲ್ಲಿ ಅದರ ತುದಿಯನ್ನು ಪರೀಕ್ಷಿಸಿ ದಿನ ಗೊತ್ತು ಮಾಡುವುದುಂಟು.

ಆ ಮೇಲೆ ಕೈಕೆಲಸ. ಕಾಂಡಕ್ಕೆ ಒಂದೇ ಹೂವು ಉಳಿಯಬೇಕಾದುದರಿಂದ ಪಕ್ಕದ ಮೊಗ್ಗುಗಳನ್ನೆಲ್ಲ ಬೆರಳಿನಿಂದಲೇ ಚಿವುಟಿ ತೆಗೆಯಬೇಕು. ಸಾವಿರಾರು ಗಿಡ, ಒಂದೊಂದರಲ್ಲೂ ಹಲವು ಮೊಗ್ಗು. ಮನೆಯ ಅಜ್ಜಿಯಿಂದ ಸೊಸೆಯವರೆಗೆ ಎಲ್ಲರೂ ಸಾಲುಗಳ ನಡುವೆ ಬಾಗಿ ನಿಂತಿರುವ ದಿನಗಳವು. ಇನ್ನು ಬೇಸಗೆಯ ಬೆಳೆಗೆ ಸಮಸ್ಯೆ ತಿರುಗುಮುರುಗಾಗುತ್ತದೆ. ತಹಾರಾದಲ್ಲಿ ಜೂನ್ ತಿಂಗಳ ಹಗಲು ಹದಿನಾಲ್ಕೂವರೆ ಗಂಟೆಯಷ್ಟು ಉದ್ದ. ಆಗ ದೀಪದ ಬದಲು ಕಪ್ಪು ಪರದೆ ಬೇಕು. ಸೂರ್ಯನಿನ್ನೂ ಮೇಲಿರುವಾಗಲೇ ಪರದೆಯೆಳೆದು ಗಿಡಗಳಿಗೆ ಸಂಜೆ ಮಾಡಿಕೊಡುತ್ತಾರೆ.

ಒಂದು ದೀಪ ಕೆಟ್ಟರೆ

ದೂರದಿಂದ ನೋಡುವವರಿಗೆ ಇದು ಬೆಳಕಿನ ಚೆಲುವು. ಬೆಳೆಯುವವರ ಪಾಲಿಗೆ ಅದು ಎಚ್ಚರದ ಕೆಲಸ. ಸಾಲಿನ ನಡುವೆ ಒಂದು ಬಲ್ಬು ಸುಟ್ಟುಹೋಗಿ ಯಾರೂ ಗಮನಿಸದಿದ್ದರೆ, ಅದರ ಕೆಳಗಿನ ಗಿಡಗಳಿಗೆ ಮಾತ್ರ ಇರುಳು ಇಡಿಯಾಗಿ ದೊರೆಯುತ್ತದೆ. ಸುತ್ತಲಿನವು ಬೆಳೆಯುತ್ತಿರುವಾಗ ಅವು ಗಿಡ್ಡ ಕಾಂಡದ ಮೇಲೆ ಮೊಗ್ಗು ಕಟ್ಟಿ ಕೂರುತ್ತವೆ. ಆ ಗಿಡ್ಡ ಹೂವನ್ನು ಮಾರುಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಚಂಡಮಾರುತ ಬೀಸಿ ವಿದ್ಯುತ್ ನಿಂತರಂತೂ ಹಾನಿ ಒಂದು ಸಾಲಿನದಲ್ಲ, ಇಡೀ ಮನೆಯದು. ಕೆಲವು ರಾತ್ರಿಗಳ ಕತ್ತಲೆ ಸಾಕು, ಮಾರ್ಚಿನಲ್ಲಿ ಬರಬೇಕಾದ ಹೂವು ಯಾರಿಗೂ ಬೇಡದ ಹೊತ್ತಿನಲ್ಲಿ ಬಂದು ನಿಲ್ಲುತ್ತದೆ. ಹೀಗಾಗಿ ಗಡಿಯಾರದ ಸ್ವಿಚ್ಚಿದ್ದರೂ ಮಲಗುವ ಮುನ್ನ ಹೊಲದ ಕಡೆ ಕಣ್ಣು ಹಾಯಿಸದ ರೈತನಿಲ್ಲ. ನಡುರಾತ್ರಿ ಎಚ್ಚರವಾದಾಗ ಕಿಟಕಿಯಾಚೆ ಬೆಳಕು ಕಾಣಿಸಿದರೆ ಅವನ ಮನಸ್ಸಿಗೆ ನೆಮ್ಮದಿ.

ನೆರೆಯವರ ಚಿಂತೆಯೂ ಇದೆ. ಭತ್ತವೂ ಇರುಳನ್ನು ಎಣಿಸುವ ಬೆಳೆ. ಗಾಜಿನ ಮನೆಯ ಬೆಳಕು ಪಕ್ಕದ ಗದ್ದೆಯ ಮೇಲೆ ಬಿದ್ದರೆ ತೆನೆ ತಡವಾಗುತ್ತದೆ. ಒಬ್ಬನ ಬೆಳಕು ಇನ್ನೊಬ್ಬನ ಕತ್ತಲೆಯನ್ನು ಕದಿಯದಂತೆ ನೋಡಿಕೊಳ್ಳುವುದು ಇಲ್ಲಿ ಒಕ್ಕಲುತನದ ಮರ್ಯಾದೆ.

ಕಾಲ ಬದಲಾದಂತೆ ಕಷ್ಟಗಳೂ ಬದಲಾಗಿವೆ. ಬಹು ಕಾಲ ಇಲ್ಲಿ ಉರಿದದ್ದು ಹಳದಿ ಬೆಳಕಿನ ತಂತಿಯ ಬಲ್ಬು. ಗಿಡದ ಫೈಟೋಕ್ರೋಮನ್ನು ಎಚ್ಚರಿಸುವುದು ಮುಖ್ಯವಾಗಿ ಕೆಂಪು ಕಿರಣ. ಆ ಬಲ್ಬಿನಲ್ಲಿ ಅದು ಯಥೇಚ್ಛವಾಗಿತ್ತು. ೨೦೧೦ರ ನಂತರ ಜಪಾನಿನ ದೊಡ್ಡ ಕಾರ್ಖಾನೆಗಳು ಅದರ ತಯಾರಿಕೆಯನ್ನು ನಿಲ್ಲಿಸಿದವು. ರೈತರು ಬೇರೆ ದೀಪಗಳನ್ನು ಪರೀಕ್ಷಿಸಿ, ಕಡಮೆ ವಿದ್ಯುತ್ತಿನ ಎಲ್‌ಇಡಿ ದೀಪಗಳಿಗೆ ಬದಲಾಯಿಸತೊಡಗಿದರು. ಆದುದರಿಂದ ಈಗ ಕೆಲವು ಮನೆಗಳು ಹೊಂಬಣ್ಣದ ಬದಲು ಕೆಂಪಾಗಿ ಹೊಳೆಯುತ್ತವೆ. ಆದರೆ ಚಳಿಗಾಲದಲ್ಲಿ ಮೊಗ್ಗು ಕಟ್ಟಲು ಬೆಚ್ಚನೆಯ ಗಾಳಿ ಬೇಕೇಬೇಕು. ಅದಕ್ಕೆ ಸುಡುವ ಎಣ್ಣೆಯ ಬೆಲೆ ಏರಿದಾಗಲೆಲ್ಲ ಲಾಭ ಕರಗುತ್ತದೆ. ಮಲೇಶಿಯಾ ಮೊದಲಾದ ದೇಶಗಳಿಂದ ಅಗ್ಗದ ಸೇವಂತಿಗೆ ಬಂದಿಳಿಯುತ್ತದೆ. ಶವಸಂಸ್ಕಾರಗಳು ಮನೆಮಂದಿಯ ಮಟ್ಟಕ್ಕೆ ಕಿರಿದಾಗಿ, ಹೂವಿನ ವೇದಿಕೆಗಳೂ ಸಣ್ಣವಾಗಿವೆ. ೨೦೨೦ರ ಮಹಾಮಾರಿಯ ಕಾಲದಲ್ಲಂತೂ ಬಂಧುಗಳು ಒಂದೆಡೆ ಸೇರುವುದೇ ದುಸ್ತರವಾಯಿತು. ಬೆಳೆಗಾರರಲ್ಲಿ ನರೆಗೂದಲಿನವರೇ ಹೆಚ್ಚು. ಮಗ ಕಾರ್ಖಾನೆಗೆ ಹೋಗಬೇಕೋ ಗಾಜಿನ ಮನೆಗೆ ಬರಬೇಕೋ ಎಂಬ ಮಾತು ಇಲ್ಲಿನ ಅನೇಕ ಮನೆಗಳಲ್ಲಿ ಊಟದ ಹೊತ್ತಿನ ಮಾತು.

ಇಷ್ಟಾದರೂ 'ಜಿಂಬಾ' ಎಂಬ ಬಿಳಿಯ ಜಾತಿ ಇಂದಿಗೂ ಪೆಟ್ಟಿಗೆಗಳಲ್ಲಿ ತುಂಬಿ ಹೊರಡುತ್ತಿದೆ. ಅದರ ಹೆಸರಿನ ಅರ್ಥ ದೇವಾಶ್ವ. ಪೂರ್ತಿ ಅರಳುವ ಮೊದಲೇ ಕೊಯ್ದು, ಉದ್ದ ತೂಕಗಳನ್ನು ನೋಡಿ ವಿಂಗಡಿಸಿ, ನೀರು ಕುಡಿಸಿ, ಇರುಳಿನ ಲಾರಿಗಳಲ್ಲಿ ಟೋಕಿಯೋದ ಓಟಾ ಮಾರುಕಟ್ಟೆಯ ಕಡೆಗೆ ಕಳುಹಿಸುತ್ತಾರೆ. ಅಲ್ಲಿಂದ ಅವು ಹೆಸರು ತಿಳಿಯದ ಮನೆಗಳಿಗೆ, ಹೆಸರು ತಿಳಿಯದ ಹಿರಿಯರ ಮುಂದೆ.

ನಂದಿಯ ತಪ್ಪಲಿನಲ್ಲಿ

ಈ ವಿದ್ಯೆ ಕನ್ನಡ ನಾಡಿಗೂ ಬಂದಿದೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಸೀಮೆಯಲ್ಲಿ ಇರುಳು ಪ್ರಯಾಣ ಮಾಡುವವರು, ತೆರೆದ ಹೊಲಗಳ ಮೇಲೆ ತೋರಣ ಕಟ್ಟಿದಂತೆ ಉರಿಯುವ ದೀಪಗಳನ್ನು ಕಂಡು ಬೆರಗಾಗುವುದುಂಟು. ಮದುವೆಯ ಚಪ್ಪರವಲ್ಲ, ಅದು ಸೇವಂತಿಗೆಯ ತೋಟ.

ಆದರೆ ಇಲ್ಲಿ ರೈತನ ಕಷ್ಟ ಬೇರೆ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲೂ ೧೩ ಗಂಟೆಯನ್ನು ಮುಟ್ಟುವುದಿಲ್ಲ. ಅತಿ ಚಿಕ್ಕದು ಹನ್ನೊಂದು ಗಂಟೆಗೆ ಕಡಮೆಯಾಗುವುದಿಲ್ಲ. ಸೇವಂತಿಗೆಯ ಪಾಲಿಗೆ ಇಲ್ಲಿನ ಇರುಳು ವರ್ಷದ ಬಹುಭಾಗ ಹೂವಿನ ಇರುಳೇ. ಹಗಲು ಕುಗ್ಗಿದ ಕಾಲದಲ್ಲಿ ನೆಟ್ಟ ಸಸಿ, ಗೇಣುದ್ದ ಬೆಳೆಯುವ ಮೊದಲೇ ಮೊಗ್ಗು ಬಿಟ್ಟುಬಿಡುತ್ತದೆ. ಕೊಂಬೆಯಿಲ್ಲದ ಗಿಡದಲ್ಲಿ ಎಷ್ಟು ಹೂವಾದೀತು? ಆದುದರಿಂದ ನಾಟಿಯ ನಂತರ ಕೆಲವು ವಾರ ರಾತ್ರಿ ದೀಪವಿಟ್ಟು ಗಿಡವನ್ನು ಬೆಳೆಯಲು ಬಿಡುತ್ತಾರೆ. ಆಮೇಲೆ ಬೇಕಾದ ಕತ್ತಲೆಯನ್ನು ಪ್ರಕೃತಿಯೇ ಪುಕ್ಕಟೆಯಾಗಿ ಒದಗಿಸುತ್ತದೆ. ಜಪಾನಿನವರಂತೆ ಕಪ್ಪು ಪರದೆ ಎಳೆಯಬೇಕಾಗಿಲ್ಲ; ಎಣ್ಣೆ ಸುಟ್ಟು ಶಾಖ ಕೊಡಬೇಕಾಗಿಲ್ಲ.

ಮನೆಯ ಗೃಹಿಣಿಯರಿಗೂ ಇದರಲ್ಲಿ ಒಂದು ಸುಳಿವುಂಟು. ಜಗಲಿಯ ಕುಂಡದ ಸೇವಂತಿಗೆ ಸೊಂಪಾಗಿ ಬೆಳೆದೂ ಹೂ ಬಿಡದಿದ್ದರೆ, ಕ್ರಿಸ್ಮಸ್ ಹೊತ್ತಿಗೆ ಕೆಂಪಾಗಬೇಕಾದ ಪಾಯಿನ್‌ಸೆಟಿಯಾ ಹಸಿರಾಗಿಯೇ ಉಳಿದರೆ, ಗೊಬ್ಬರವನ್ನು ದೂರುವ ಮೊದಲು ತಲೆಯೆತ್ತಿ ಮೇಲೆ ನೋಡಬೇಕು. ರಾತ್ರಿಯೆಲ್ಲ ಉರಿಯುವ ಜಗಲಿಯ ಬಲ್ಬೋ ಬೀದಿಯ ದೀಪವೋ ಅದರ ಎಣಿಕೆಯನ್ನು ಕೆಡಿಸುತ್ತಿರಬಹುದು. ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ ಬೆಳಕು ಬೀಳದ ಮೂಲೆಯಲ್ಲಿಟ್ಟು, ಹಗಲಿನಲ್ಲಿ ಒಳ್ಳೆಯ ಬಿಸಿಲಿಗೆ ತಂದಿಟ್ಟು, ಆರೆಂಟು ವಾರ ತಾಳಿದರೆ ಫಲ ಕಾಣುತ್ತದೆ. ಒಂದು ರಾತ್ರಿ ಮರೆಯದಿರುವುದೇ ಇದರ ಗುಟ್ಟು.

ಜನವರಿಯ ಕೊನೆಯ ದಿನಗಳಲ್ಲಿ ಮತ್ತೆ ಜಾವೋ ಗುಡ್ಡದ ಮೇಲೆ ನಿಂತವರಿಗೆ ಅತ್ಸುಮಿಯ ನೋಟ ಬೇರೆಯಾಗಿ ತೋರುತ್ತದೆ. ನಿನ್ನೆಯವರೆಗೆ ಹೊಳೆಯುತ್ತಿದ್ದ ಸಾಲುಗಳಲ್ಲಿ ಕೆಲವು ಇಂದು ಕಾಣಿಸುವುದಿಲ್ಲ. ನಾಳೆ ಇನ್ನಷ್ಟು ಕಡಮೆ. ಅರಿಯದವರು, ಆ ಮನೆಯವರು ಕೃಷಿಯನ್ನೇ ಬಿಟ್ಟರೋ ಏನೋ ಎಂದುಕೊಳ್ಳಬೇಕು.

ಕನ್ನಡ ನಾಡಿನ ಹಿರಿಯರು ದೀಪವನ್ನು 'ಆರಿಸು' ಎನ್ನುವುದಿಲ್ಲ. 'ದೊಡ್ಡದು ಮಾಡು' ಎನ್ನುತ್ತಾರೆ. ಆ ಮಾತು ಅತ್ಸುಮಿಯ ರೈತನಿಗೆ ತಿಳಿದಿರಲಾರದು. ಆದರೆ ಲೆಕ್ಕ ಹಾಕಿದ ರಾತ್ರಿ ಬಂದಾಗ, ಗಾಜಿನ ಮನೆಯ ಬಾಗಿಲಲ್ಲಿ ನಿಂತು ಸ್ವಿಚ್ಚನ್ನು ಕೆಳಕ್ಕೊತ್ತಿ, ಕತ್ತಲೆಯಲ್ಲಿ ಗಿಡಗಳ ಸಾಲನ್ನೊಮ್ಮೆ ನೋಡಿ ಅವನು ಮನೆಗೆ ಹಿಂದಿರುಗುತ್ತಾನೆ. ಹಿಗಾನಿಗೆ ಇನ್ನು ಏಳೆಂಟು ವಾರ. ಒಳಗೆ ಎಲೆಗಳು ಇರುಳನ್ನು ಎಣಿಸತೊಡಗಿರುತ್ತವೆ.